ಡಾನ್ ಬೋಲ್ಸ್ ಕೊಲೆಯಾದ ಮೇಲೆ ಅವರ ಕೈಯಲ್ಲಿದ್ದ ಕೆಲಸ ಏನಾಯಿತು?

ಪ್ರಶ್ನೆ: ನಿವೃತ್ತ ಉಪನ್ಯಾಸಕ, ತುಮಕೂರು

ಪತ್ರಿಕೋದ್ಯಮ ಓದುತ್ತಿರುವ ಆರೇಳು ವಿದ್ಯಾರ್ಥಿಗಳು ಭಾನುವಾರದಂದು ನಮ್ಮ ಮನೆಯಲ್ಲಿ ಸೇರುತ್ತಾರೆ. ಕಳೆದ ವಾರ ಅಮೆರಿಕದ ಫೀನಿಕ್ಸ್ ನಗರದ ‘ಅರಿಜೋನ ರಿಪಬ್ಲಿಕ್’ ಪತ್ರಿಕೆಯ ವರದಿಗಾರ ಡಾನ್ ಬೋಲ್ಸ್ ಅವರ ಮಾತು ಬಂತು. 1962ರಲ್ಲಿ ಆ ಪತ್ರಿಕೆ ಸೇರಿದ ಅವರು ಜಮೀನು ವಂಚನೆ, ನಾಯಿ ರೇಸಿನ ವ್ಯವಹಾರ, ಮಾಫಿಯಾ ನಂಟು ಇವುಗಳ ಬೆನ್ನು ಹತ್ತಿ ವರ್ಷಗಟ್ಟಲೆ ಬರೆದರು. ಬರೆದರೂ ಏನೂ ಬದಲಾಗುವುದಿಲ್ಲವೆಂದು ಬೇಸತ್ತು, ತನಿಖಾ ವರದಿಯ ಕೆಲಸ ಸಾಕೆಂದು ತಾವೇ ಕೇಳಿಕೊಂಡು ಬೇರೆ ಬೀಟ್‌ಗೆ, ಅಂದರೆ ಬೇರೆ ಸುದ್ದಿ ಕ್ಷೇತ್ರಕ್ಕೆ, ಹೋದರು. ಹಾಗಿದ್ದೂ 1976ರಲ್ಲಿ ಅವರನ್ನು ಕೊಂದರು. ಬಿಟ್ಟುಬಿಟ್ಟವರನ್ನು ಏಕೆ ಕೊಂದರು, ಅವರು ಸಂಗ್ರಹಿಸಿದ್ದ ವಿಷಯ ಏನಾಯಿತು ಎಂದು ಒಬ್ಬ ಹುಡುಗಿ ಕೇಳಿದಳು. ನನ್ನ ಬಳಿ ಪೂರ್ಣ ಉತ್ತರವಿರಲಿಲ್ಲ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಡೆಸ್ಕಿನ ಹಳಬ, ಕೋಲಾರ

ಮೇಷ್ಟ್ರೇ, ಬೀಟ್ ಬದಲಾಯಿತೆಂದ ಮಾತ್ರಕ್ಕೆ ಹಳೆಯ ಸುದ್ದಿಮೂಲಗಳು ಫೋನ್ ಮಾಡುವುದನ್ನು ನಿಲ್ಲಿಸುವುದಿಲ್ಲ; ಬಂದ ಕರೆಯನ್ನು ನಿರಾಕರಿಸುವ ಮನಸ್ಸೂ ವರದಿಗಾರನಿಗೆ ಇರುವುದಿಲ್ಲ. ಕೊಂದವರು ಬಳಸಿಕೊಂಡದ್ದು ಅದನ್ನೇ. ಜಾನ್ ಆಡಮ್ಸನ್ ಎಂಬಾತ ಜಮೀನು ವಂಚನೆಯ ಮಾಹಿತಿ ಕೊಡುತ್ತೇನೆಂದು ಬೋಲ್ಸ್ ಅವರನ್ನು ಜೂನ್ 2ರಂದು ಕ್ಲಾರೆಂಡನ್ ಹೋಟೆಲಿಗೆ ಕರೆಸಿಕೊಂಡ. ಬೋಲ್ಸ್ ಎಚ್ಚರಗೇಡಿಯೇನಲ್ಲ. ಹಿಂದೆ ತಮ್ಮ ಕಾರಿನ ಬಾನೆಟ್ಟಿಗೆ ಟೇಪ್ ಅಂಟಿಸಿಟ್ಟು, ಯಾರಾದರೂ ತೆರೆದಿದ್ದಾರೆಯೇ ಎಂದು ನೋಡಿಕೊಳ್ಳುತ್ತಿದ್ದವರು. ಅಂದು ಸಹ ಯಾರನ್ನು ಕಾಣಲು ಹೋಗುತ್ತಿದ್ದೇನೆ, ಎಷ್ಟು ಹೊತ್ತಿಗೆ ಮರಳುತ್ತೇನೆ ಎಂಬ ಚೀಟಿಯನ್ನು ಕಚೇರಿಯ ಟೈಪ್‌ರೈಟರಿನಲ್ಲೇ ಬಿಟ್ಟು ಹೊರಟಿದ್ದರು. ಹೋಟೆಲಿನಲ್ಲಿ ಆತ ಕಾಣಲಿಲ್ಲ. ಭೇಟಿ ರದ್ದೆಂದು ಫೋನ್ ಬಂತು. ಹೊರಗೆ ಬಂದು ತಮ್ಮ ಡಾಟ್ಸನ್ ಕಾರನ್ನು ತೆಗೆಯುವಷ್ಟರಲ್ಲಿ ಸೀಟಿನ ಕೆಳಗಿದ್ದ ಡೈನಮೈಟ್ ಸಿಡಿಯಿತು. ಎರಡೂ ಕಾಲು ಮತ್ತು ಒಂದು ಕೈಯನ್ನು ವೈದ್ಯರು ತೆಗೆಯಬೇಕಾಯಿತು. 11 ದಿನ ಜೀವ ಹಿಡಿದಿದ್ದ ಅವರು ಜೂನ್ 13ರಂದು ತೀರಿಕೊಂಡರು. ವಯಸ್ಸು 47.

ಆಡಮ್ಸನ್ ತಪ್ಪೊಪ್ಪಿಕೊಂಡ. ಕೆಂಪರ್ ಮಾರ್ಲಿ ಎಂಬ ಶ್ರೀಮಂತ ಜಮೀನುದಾರ ಬೋಲ್ಸ್ ವರದಿಗಳ ನಂತರ ರಾಜ್ಯದ ರೇಸಿಂಗ್ ಆಯೋಗದ ಸ್ಥಾನ ಕಳೆದುಕೊಂಡಿದ್ದರು. ಅವರಿಗೆ ಬೇಕಾದವನಾಗಿದ್ದ ಮ್ಯಾಕ್ಸ್ ಡನ್‌ಲಪ್ ಎಂಬ ಗುತ್ತಿಗೆದಾರ ಈ ಕೊಲೆ ಮಾಡಿಸಿದನೆಂಬುದು ಸರ್ಕಾರಿ ವಕೀಲರ ವಾದ. ಡನ್‌ಲಪ್‌ಗೆ ಮೊದಲು ಆದ ಶಿಕ್ಷೆ ಮೇಲ್ಮನವಿಯಲ್ಲಿ ಬಿದ್ದುಹೋಗಿ, 1993ರಲ್ಲಿ ಮತ್ತೆ ಶಿಕ್ಷೆಯಾಯಿತು. ಮಾರ್ಲಿ ಅವರ ಮೇಲೆ ಎಂದೂ ಮೊಕದ್ದಮೆ ಹೂಡಲಿಲ್ಲ.

ಕೆಲಸ ಏನಾಯಿತು ಎಂಬುದೇ ನಿಜವಾದ ಕಥೆ. ತನಿಖಾ ವರದಿಗಾರರ ಸಂಘವೊಂದು ಹಿಂದಿನ ವರ್ಷವಷ್ಟೇ ಹುಟ್ಟಿತ್ತು. ಅದರ ಕರೆಗೆ ಓಗೊಟ್ಟು ಬೇರೆ ಬೇರೆ ಊರಿನ, ಬೇರೆ ಬೇರೆ ಪತ್ರಿಕೆಗಳ 38 ಪತ್ರಕರ್ತರು ‘ನ್ಯೂಸ್‌ಡೇ’ ಪತ್ರಿಕೆಯ ರಾಬರ್ಟ್ ಗ್ರೀನ್ ಅವರ ಮುಂದಾಳತ್ವದಲ್ಲಿ ಫೀನಿಕ್ಸಿಗೆ ಬಂದು ಕೂತರು. ಗಮನಿಸಿ, ಅವರು ಬಂದದ್ದು ಕೊಲೆಗಾರನನ್ನು ಹುಡುಕಲು ಅಲ್ಲ. ಬೋಲ್ಸ್ ಅಗೆಯುತ್ತಿದ್ದ ಜಾಗವನ್ನೇ ಮುಂದೆ ಅಗೆಯಲು. 1977ರಲ್ಲಿ 23 ಕಂತುಗಳ ಸರಣಿ ಹೊರಬಂತು.

ಉತ್ತರ 2: ಸುದ್ದಿ ತಿದ್ದುವವಳು, ಚಿಕ್ಕಬಳ್ಳಾಪುರ

ಮೇಲಿನವರು ಒಂದು ವಿಷಯ ಬಿಟ್ಟಿದ್ದಾರೆ. ಆ ಸರಣಿಯನ್ನು ಬೋಲ್ಸ್ ಅವರ ಸ್ವಂತ ಪತ್ರಿಕೆಯೇ ಪ್ರಕಟಿಸಲಿಲ್ಲ. ಎಲ್ಲವನ್ನೂ ಪರಿಶೀಲಿಸಿಕೊಳ್ಳಲು ಆಗಿಲ್ಲವೆಂಬ ಕಾರಣವನ್ನು ಅದು ಕೊಟ್ಟಿತು. ಕಾರಣ ಸಕಾರಣವೇ ಇರಬಹುದು, ಮಾನನಷ್ಟದ ದಾವೆಯ ಭಯ ನನಗೂ ಗೊತ್ತು. ಆದರೂ ಓದಿದಾಗ ಮನಸ್ಸು ಕಹಿಯಾಯಿತು.

ನಮ್ಮಲ್ಲೂ ಇಂಥದ್ದು ನಡೆದಿದೆ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದ ಮನೆಯ ಮುಂದೆ ಗುಂಡಿಗೆ ಬಲಿಯಾದ ಗೌರಿ ಲಂಕೇಶ್ ಅವರ ಕೊನೆಯ ‘ಕಂಡ ಹಾಗೆ’ ಅಂಕಣ ಸುಳ್ಳು ಸುದ್ದಿ ಹುಟ್ಟಿಸುವವರ ಬಗ್ಗೆ ಇತ್ತು. ಕೊಲೆಯಾದ ಪತ್ರಕರ್ತರ ಕೆಲಸವನ್ನು ಮುಂದುವರಿಸುವ ‘ಫರ್ಬಿಡನ್ ಸ್ಟೋರೀಸ್’ ಎಂಬ ಸಂಸ್ಥೆ ಅಲ್ಲಿಂದಲೇ ಎಳೆ ಹಿಡಿದು, ನೂರಕ್ಕೂ ಹೆಚ್ಚು ಪತ್ರಕರ್ತರನ್ನು ಸೇರಿಸಿ, 2023ರ ಫೆಬ್ರುವರಿಯಲ್ಲಿ ಜಗತ್ತಿನಾದ್ಯಂತದ ಸುಳ್ಳು ಸುದ್ದಿಯ ದಂಧೆಯ ಕುರಿತು ವರದಿಗಳನ್ನು ಹೊರತಂದಿತು.

ಉತ್ತರ 3: ತಾಲ್ಲೂಕು ವರದಿಗಾರ, ಮಧುಗಿರಿ

ಗೌರಿಯವರ ಹೆಸರನ್ನು ನಾಡೆಲ್ಲ ಬಲ್ಲದು, ಬೋಲ್ಸ್ ಅವರಿಗೆ ಕಚೇರಿಯೂ ಚೀಟಿ ಬಿಟ್ಟುಹೋಗಲು ಒಂದು ಮೇಜೂ ಇದ್ದವು. ನಮ್ಮಂಥವರಿಗೆ ನೇಮಕಾತಿ ಪತ್ರವೂ ಇಲ್ಲ, ಗುರುತಿನ ಚೀಟಿ ಮಾತ್ರ. ಸುದ್ದಿಯ ಜೊತೆಗೆ ಜಾಹೀರಾತನ್ನೂ ನಾವೇ ತರಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಬಂದ ಉತ್ತರಗಳು ನನ್ನ ಹೆಸರಿಗೆ, ನನ್ನ ಮನೆಯ ವಿಳಾಸಕ್ಕೆ ಬರುತ್ತವೆ. ನನಗೇನಾದರೂ ಆದರೆ ಅವು ಎಲ್ಲಿವೆಯೆಂದು ಡೆಸ್ಕಿನವರಿಗೂ ತಿಳಿಯದು. ಈ ಚರ್ಚೆ ಓದಿದ ಮೇಲೆ, ಕಲ್ಲು ಕ್ವಾರಿಯ ಬಗ್ಗೆ ಕೂಡಿಸಿಟ್ಟ ಕಾಗದಗಳ ಎರಡು ಜೆರಾಕ್ಸ್ ಪ್ರತಿ ಮಾಡಿಸಿ, ಒಂದನ್ನು ಪಾವಗಡದ ಗೆಳೆಯನಿಗೆ ಕೊಟ್ಟೆ. ಆತ ಬೇರೆ ಪತ್ರಿಕೆಯವನು, ಸುದ್ದಿಯ ವಿಷಯದಲ್ಲಿ ನನಗೆ ಎದುರಾಳಿಯೇ. ಇನ್ನೊಂದನ್ನು ಯಾರಿಗೆ ಕೊಡಲಿ ಎಂದು ಯೋಚಿಸುತ್ತಿದ್ದೇನೆ. ಮೇಷ್ಟ್ರು ಒಪ್ಪುವುದಾದರೆ ಬರುವ ಭಾನುವಾರ ತುಮಕೂರಿಗೆ ತರುತ್ತೇನೆ.