ಅಪ್‌ಡೇಟ್: ದಾರಿಯಲ್ಲಿ ನಿಲ್ಲುತ್ತಿದ್ದ 1957ರ ಬೆಲ್ ಏರ್ ಸರಿಹೋಯಿತು

ಇಲ್ಲಿ ಮಿಶಿಗನ್‌ನಲ್ಲಿ ಕೊಂಡ, ಪೂರ್ತಿ ರಿಸ್ಟೋರ್ ಆಗಿರುವ 1957ರ ಷೆವ್ರೊಲೆ ಬೆಲ್ ಏರ್ ಬಗ್ಗೆ ಹಿಂದೆ ಕೇಳಿದ್ದೆ. ಹೈವೇಯಲ್ಲಿ ಸ್ವಲ್ಪ ದೂರ ಓಡಿದ ಮೇಲೆ ಎಂಜಿನ್ ಸೊರಗಿ ನಿಂತುಬಿಡುತ್ತಿತ್ತು. ಒಂದಷ್ಟು ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಜಾಸ್ತಿ ಜನ ವೇಪರ್ ಲಾಕ್ (ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಹರಿವು ನಿಲ್ಲುವುದು) ಅಂದಿರಿ, ಕೆಲವರು ಸ್ಪಾರ್ಕ್‌ಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಕೆಟ್ಟಿದೆ ಅಂದಿರಿ. ಒಬ್ಬರು ಮಾತ್ರ ಪೆಟ್ರೋಲ್ ಟ್ಯಾಂಕ್ ಇಳಿಸಿ ನೋಡಿ ಅಂದಿದ್ದರು. ಅವರ ಮಾತೇ ನಿಜವಾಯಿತು.

ಕಾಯಿಲ್ ಬದಲಿಸಿದರೂ ಏನೂ ವ್ಯತ್ಯಾಸ ಆಗಲಿಲ್ಲ. ಕಾರು ನಿಂತ ಕೂಡಲೇ ಬಾನೆಟ್ ಎತ್ತಿ ನೋಡಿದರೆ ಫಿಲ್ಟರಿನ ಗಾಜಿನ ಬಟ್ಟಲಲ್ಲಿ ಪೆಟ್ರೋಲೇ ಇಲ್ಲ! ಟ್ಯಾಂಕ್ ಇಳಿಸಿದಾಗ ತಳದಲ್ಲಿ ರಾಗಿ ಹಿಟ್ಟಿನಷ್ಟು ನುಣ್ಣನೆಯ ತುಕ್ಕು. ಓಡುವಾಗ ಅದು ಪೆಟ್ರೋಲ್ ಎಳೆಯುವ ಪೈಪಿನ ಬಾಯಿಯ ಜಾಲರಿಗೆ ಅಂಟುತ್ತಿತ್ತು. ನಿಂತಾಗ ಉದುರಿ ದಾರಿ ಬಿಡುತ್ತಿತ್ತು. ಹೊರಗೆ ಇಷ್ಟು ಚೆಂದ ಪೇಂಟ್, ಕ್ರೋಮ್ ಮಾಡಿದವರು ಟ್ಯಾಂಕ್ ಮುಟ್ಟಿಯೇ ಇಲ್ಲ ಅಂದರೆ ಬೇಜಾರಾಗುತ್ತೆ ಅಲ್ವಾ?

ಹೊಸ ಟ್ಯಾಂಕ್, ಹೊಸ ಲೈನ್, ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ತಡೆಯುವ ಹೋಸ್ ಹಾಕಿಸಿದೆ. ಈ ಮಾಡೆಲ್‌ನ ಪಾರ್ಟ್ಸ್ ಈಗಲೂ ಹೊಸದಾಗಿ ತಯಾರಾಗುತ್ತವೆ, ಅದೇ ದೊಡ್ಡ ಪುಣ್ಯ. 283 ಕ್ಯೂಬಿಕ್ ಇಂಚಿನ ವಿ8 ಎಂಜಿನ್ ಈಗ ಬಿಸಿಲಲ್ಲೂ ಒಂದೇ ಸಮ ಓಡುತ್ತಿದೆ. ಪೆಟ್ರೋಲ್ ಹಾಕಲು ಹಿಂಬದಿಯ ಎಡಗಡೆ ರೆಕ್ಕೆಯಂಥ ಫಿನ್ನಿನ ಕ್ರೋಮ್ ಪಟ್ಟಿ ತೆರೆದರೆ ಜನ ಹತ್ತಿರ ಬಂದು ನೋಡುತ್ತಾರೆ. ಮುಚ್ಚಳ ಅದರ ಹಿಂದೆ ಇದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಮುಂದಿನ ಕೆಲಸ ಬ್ರೇಕ್. ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ಬ್ರೇಕ್ ಆಯಿಲ್ ಸರ್ಕ್ಯೂಟ್ ಇದೆ, ಒಂದು ಕಡೆ ಸೋರಿದರೂ ಬ್ರೇಕೇ ಇರುವುದಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿ. ಹಾಗಾಗಿ ಮುಂದಿನ, ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಸರ್ಕ್ಯೂಟ್ ಕೊಡುವ ಡ್ಯುಯಲ್ ಮಾಸ್ಟರ್ ಸಿಲಿಂಡರ್ ಹಾಕಿಸುತ್ತೇನೆ, ಚಕ್ರಗಳಲ್ಲಿರುವ ಡ್ರಮ್ ಬ್ರೇಕ್ ಹಾಗೇ ಇರಲಿ. ಟ್ಯಾಂಕ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.