ಸೀಲ್ ಬದಲಿಸಿದರೂ ಔಟ್‌ಬೋರ್ಡ್ ಗೇರ್ ಆಯಿಲ್‌ಗೆ ನೀರು ಸೇರುತ್ತಿದೆ, ಎಲ್ಲಿಂದ?

ಪಂಚಗಂಗಾವಳಿ, ವಿಜಯನಗರ:
ನಮಸ್ಕಾರ. ಕುಂದಾಪುರದಲ್ಲಿ ನಮ್ಮ ಮಾವನ ಫೈಬರ್ ದೋಣಿ ಇದೆ, ಅದಕ್ಕೆ ಹಿಂದೆ ತಗುಲಿಸುವ ಮೋಟರ್, ಯಮಾಹಾ 15 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್. ಏಪ್ರಿಲ್‌ನಲ್ಲಿ ಗೇರ್ ಆಯಿಲ್ ಇಳಿಸಿದರೆ ಹಾಲು ಜಾಸ್ತಿ ಹಾಕಿದ ಕಾಫಿಯ ಹಾಗೆ ಬಂತು. ಗೇರ್, ಪ್ರೊಪೆಲ್ಲರ್ ಇರುವ ಕೆಳಭಾಗ, ಅಂದರೆ ಲೋವರ್ ಯೂನಿಟ್ ಮಾತ್ರ ಬಿಚ್ಚಿ, ಗೋಣಿಯಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ತಂದೆ. ಪ್ರೊಪೆಲ್ಲರ್ ಶಾಫ್ಟಿನ ಎರಡೂ ಸೀಲ್ (ಶಾಫ್ಟ್ ಸುತ್ತ ನೀರು ತಡೆಯುವ ರಬ್ಬರ್ ಬಳೆ) ಕಿತ್ತು, ಅದರ ಮೇಲಿನ ಅಳತೆ ನೋಡಿ ಜೆ.ಸಿ. ರಸ್ತೆಯಲ್ಲಿ ಅಷ್ಟೇ ಅಳತೆಯವು ಹುಡುಕಿ ಹಾಕಿದೆ. ವಾಪಸ್ ಜೋಡಿಸಿ ಎರಡು ಸಲ ನದಿಗೆ ಹೋಗಿ ಬಂದ ಮೇಲೆ ನೋಡಿದರೆ ಮತ್ತೆ ಅದೇ ಬಣ್ಣ!

ಈಗ ಯೂನಿಟ್ ಮತ್ತೆ ನನ್ನ ಬಾಲ್ಕನಿಯಲ್ಲಿದೆ. ಡ್ರೈನ್ ಸ್ಕ್ರೂನ ಅಯಸ್ಕಾಂತಕ್ಕೆ ನುಣ್ಣನೆ ಕಪ್ಪು ಪೇಸ್ಟ್ ಮಾತ್ರ ಅಂಟಿತ್ತು, ಲೋಹದ ಚೂರು ಇಲ್ಲ. ಇಡೀ ಗೇರ್ ಬಿಚ್ಚಿ ಬೇರಿಂಗ್ ಎಲ್ಲ ಹೊಸದು ಹಾಕಬೇಕಾ? ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ ಇರುವುದರಿಂದ ಟೈಮ್ ಇದೆ, ಆದರೆ ಆಗಸ್ಟಿಗೆ ಮಾವ ದೋಣಿ ಇಳಿಸಲೇಬೇಕು. ಅವರ ಮನೆ ನಡೆಯುವುದು ಅದರಿಂದಲೇ.

ಲೇತ್ ಮನೆ, ಪೀಣ್ಯ:
ಗೇರ್ ಮುಟ್ಟಬೇಡಿ. ಚೂರು ಬಂದಿಲ್ಲ ಅಂದ ಮೇಲೆ ಹಲ್ಲುಗಳು ಚೆನ್ನಾಗಿವೆ. ಗೇರ್ ಹಿಂದೆ ತೆಳ್ಳನೆ ಶಿಮ್ ಇರುತ್ತವೆ, ಹಲ್ಲಿಗೂ ಹಲ್ಲಿಗೂ ನಡುವೆ ಎಷ್ಟು ಸಂದು ಅಂತ ತೀರ್ಮಾನ ಮಾಡುವುದು ಅವೇ. ಅವು ಅದಲು ಬದಲಾದರೆ ಇರುವ ಗೇರೂ ಹಾಳು.

ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹಿಡಿಯಬೇಕು. ಪ್ರೊಪೆಲ್ಲರ್ ಶಾಫ್ಟ್ ಸೀಲ್ ಒಂದೇ ದಾರಿ ಅಲ್ಲ. ವಾಟರ್ ಪಂಪ್ ಕೆಳಗೆ, ಎಂಜಿನ್ನಿನಿಂದ ಇಳಿದು ಬರುವ ಡ್ರೈವ್ ಶಾಫ್ಟಿನ ಸೀಲ್ ಇದೆ, ಗೇರ್ ಹಾಕುವ ರಾಡಿನ ಸೀಲ್ ಇದೆ, ಪ್ರೊಪೆಲ್ಲರ್ ಶಾಫ್ಟಿನ ಸೀಲ್ ಕೂರುವ ಬೇರಿಂಗ್ ಕ್ಯಾರಿಯರ್ ಸುತ್ತ ಓ-ರಿಂಗ್ ಇದೆ, ಕೆಳಗೆ ಆಯಿಲ್ ಇಳಿಸುವ ಡ್ರೈನ್ ಮತ್ತು ಮೇಲೆ ಗಾಳಿ ಬಿಡುವ ವೆಂಟ್ ಸ್ಕ್ರೂಗಳ ವಾಷರ್ ಇವೆ. ಹೋದ ಸಲ ಆ ವಾಷರ್ ಹೊಸದು ಹಾಕಿದ್ರಾ?

ಆಯಿಲ್ ಪೂರ್ತಿ ಇಳಿಸಿ ಗಾಳಿ ತುಂಬಿ ನೋಡಿ. ಡ್ರೈನ್ ಸ್ಕ್ರೂ ಥ್ರೆಡ್ಡಿಗೇ ಹೊಂದುವ ಒಂದು ಬೋಲ್ಟಿಗೆ ತೂತು ಕೊರೆಸಿ, ಸೈಕಲ್ ಟ್ಯೂಬಿನ ವಾಲ್ವ್ ಬ್ರೇಜ್ ಮಾಡಿಸಿ. ನಡುವೆ ಒಂದು ಸಣ್ಣ ಗೇಜ್ ಇರಲಿ. ವೆಂಟ್ ಸ್ಕ್ರೂ ಬಿಗಿ ಮಾಡಿ. ಮೊದಲು 3–4 ಪಿಎಸ್‌ಐ ಮಾತ್ರ ಹಾಕಿ, ಸೋಪಿನ ನೀರು ಬಳಿದು ಎರಡೂ ಶಾಫ್ಟ್ ಕೈಯಲ್ಲಿ ನಿಧಾನವಾಗಿ ತಿರುಗಿಸಿ, ಗೇರ್ ರಾಡನ್ನೂ ಅಲ್ಲಾಡಿಸಿ. ಆಮೇಲೆ 10ಕ್ಕೆ ಏರಿಸಿ. ಎಷ್ಟೋ ಜನ ಸೀದಾ 10ಕ್ಕೆ ಹೋಗಿ, ಗೇಜ್ ಇಳಿಯಲಿಲ್ಲ ಅಂತ ಖುಷಿಪಡುತ್ತಾರೆ, ಆದರೆ ಒತ್ತಡ ಜಾಸ್ತಿಯಾದಾಗ ಸೀಲಿನ ತುಟಿ, ಅಂದರೆ ಒಳ ಅಂಚು, ಶಾಫ್ಟಿಗೆ ಒತ್ತಿಕೊಂಡು ಸೋರುವುದು ನಿಂತಿರುತ್ತದೆ, ಕಡಿಮೆ ಒತ್ತಡದಲ್ಲೇ ಅದರ ಗುಟ್ಟು ಹೊರಬರುವುದು. 14 ದಾಟಿಸಬೇಡಿ, ಸೀಲೇ ಕಿತ್ತು ಬರಬಹುದು.

ಮಲ್ಪೆ ಹುಡುಗ, ಯಲಹಂಕ:
ಅಣ್ಣ, ಪ್ರೊಪೆಲ್ಲರ್ ತೆಗೆದು ಅದರ ಹಿಂದೆ ಒಮ್ಮೆ ನೋಡಿ. ಬಲೆಯ ನೈಲಾನ್ ದಾರ ಶಾಫ್ಟಿಗೆ ಸುತ್ತಿಕೊಂಡು ಸೀಲ್ ಒಳಗೇ ನುಗ್ಗುತ್ತದೆ. ನಮ್ಮ ಕಡೆ ನಾನು ನೋಡಿದ ಹೆಚ್ಚಿನ ಯೂನಿಟ್‌ಗಳಲ್ಲಿ ಕಾರಣ ಅದೇ. ಸೀಲ್ ಕೂರುವ ಜಾಗದಲ್ಲಿ ಶಾಫ್ಟ್ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಎಂಥ ಹೊಸ ಸೀಲ್ ಹಾಕಿದರೂ ನಿಲ್ಲುವುದಿಲ್ಲ.

ಪಂಚಗಂಗಾವಳಿ:
ಇಬ್ಬರಿಗೂ ಕೈ ಮುಗಿಯುತ್ತೇನೆ. 10 ಪಿಎಸ್‌ಐನಲ್ಲಿ ಗೇಜ್ ಮುಳ್ಳು ಅಲ್ಲಾಡಲೇ ಇಲ್ಲ. 4ಕ್ಕೆ ಇಳಿಸಿ ಶಾಫ್ಟ್ ತಿರುಗಿಸಿದೆ, ಪ್ರೊಪೆಲ್ಲರ್ ಕಡೆ ಸಣ್ಣ ಸಣ್ಣ ಗುಳ್ಳೆ ಬಂದವು. ಒಂದು ಸುತ್ತಿಗೆ ಎರಡೋ ಮೂರೋ. ವೆಂಟ್ ಸ್ಕ್ರೂ ಹತ್ತಿರವೂ ಒಂದು ಬಂತು, ಅಲ್ಲಿ ಹಳೆ ವಾಷರನ್ನೇ ಹಾಕಿದ್ದೆ. ಪ್ರೊಪೆಲ್ಲರ್ ಹಿಂದಿನ ವಾಷರ್ ಅಡಿಯಲ್ಲಿ ದಾರ ಕರಗಿ ಕಪ್ಪಗೆ ಉಂಡೆಯಾಗಿತ್ತು. ಶಾಫ್ಟ್ ಮೇಲೆ ಉಗುರು ಎರಡು ಕಡೆ ನಿಲ್ಲುತ್ತದೆ, ಹೊರಗಿನ ಸೀಲ್ ಕೂರುವ ಕಡೆ ಗೆರೆ ಆಳ ಇದೆ. ಹೊಸ ಶಾಫ್ಟಿನ ಬೆಲೆ ಕೇಳಿದೆ, ಈಗ ಆಗುವ ಮಾತಲ್ಲ. ವೆಲ್ಡ್ ತುಂಬಿ ಲೇತಿನಲ್ಲಿ ತಿರುವಿದರೆ?

ಲೇತ್ ಮನೆ:
ವೆಲ್ಡ್ ಬೇಡ. ಬಿಸಿಗೆ ಶಾಫ್ಟ್ ಬಾಗುತ್ತದೆ, ಆಮೇಲೆ ಬೇರಿಂಗೂ ತಿನ್ನುತ್ತದೆ. ಎರಡು ದಾರಿ ಇದೆ. ಬೇರಿಂಗ್ ಅಂಗಡಿಗಳಲ್ಲಿ ತೆಳ್ಳನೆ ಸ್ಟೇನ್‌ಲೆಸ್ ವೇರ್ ಸ್ಲೀವ್ (ಸವೆದ ಗೆರೆ ಮುಚ್ಚುವಂತೆ ಶಾಫ್ಟಿಗೆ ತೊಡಿಸುವ ಕೊಳವೆ) ಸಿಗುತ್ತದೆ, ದಪ್ಪ ಸುಮಾರು ಕಾಲು ಮಿಲಿಮೀಟರ್, ಅದೇ ಸೀಲ್ ನಡೆಯುತ್ತದೆ. ಅಳತೆಗೆ ಸರಿಯಾಗಿ ಸಿಕ್ಕರೆ ಅದನ್ನೇ ಹಾಕಿ. ಸಿಗದಿದ್ದರೆ ಸೀಲನ್ನು ಒಂದು ಮಿಲಿಮೀಟರ್ ಹೊರಗೆ ಕೂರಿಸಿ, ತುಟಿ ಗೆರೆ ಬಿಟ್ಟು ನುಣ್ಣನೆ ಜಾಗದ ಮೇಲೆ ಬರಬೇಕು. ಆದರೆ ಸೀಲ್ ಪೂರ್ತಿ ಕ್ಯಾರಿಯರ್ ಒಳಗೇ ಇರಬೇಕು.

ಇನ್ನೊಂದು ಮಾತು, ಜೆ.ಸಿ. ರಸ್ತೆಯಲ್ಲಿ ತಂದದ್ದು ಗಾಡಿಯ ಸೀಲ್ ಅಲ್ವಾ? ಅದರೊಳಗಿನ ಸ್ಪ್ರಿಂಗ್ ಸಾದಾ ಉಕ್ಕಿನದಾಗಿದ್ದರೆ ಉಪ್ಪುನೀರಿಗೆ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಪ್ರಿಂಗ್ ಇರುವುದನ್ನೇ ಕೇಳಿ ತನ್ನಿ. ಹಳೆಯದರ ಮುಖ ಯಾವ ಕಡೆ ಇದೆ ಅಂತ ಫೋಟೋ ತೆಗೆದು ಆಮೇಲೆ ಕೀಳಿ. ಎರಡು ಸೀಲ್‌ಗಳ ನಡುವೆ ಮರೀನ್ ಗ್ರೀಸ್ ತುಂಬಿ.

ಪಂಚಗಂಗಾವಳಿ, ಆಗಸ್ಟ್ ಕೊನೆ:
ಕೆಲಸ ಮುಗಿಯಿತು. ಸ್ಲೀವ್ ನನ್ನ ಅಳತೆಗೆ ಸಿಗಲಿಲ್ಲ. ಹೊರಗಿನ ಸೀಲನ್ನು ಒಂದು ಮಿಲಿಮೀಟರ್ ಹೊರಗೆ ಕೂರಿಸಿದೆ. ಒಳಗಿನ ಗೆರೆ ಸಣ್ಣದು, ಅಲ್ಲೂ ಅರ್ಧ ಮಿಲಿಮೀಟರ್ ಸರಿಸಲು ಜಾಗ ಇತ್ತು. ಸ್ಕ್ರೂ ವಾಷರ್, ಓ-ರಿಂಗ್, ವಾಟರ್ ಪಂಪಿನ ಇಂಪೆಲ್ಲರ್ ಎಲ್ಲ ಹೊಸದು. ಈ ಸಲ 4ರಲ್ಲೂ 10ರಲ್ಲೂ ಗುಳ್ಳೆ ಇಲ್ಲ. ಬಕೆಟ್ ನೀರಿನಲ್ಲಿ ಮುಳುಗಿಸಿ ಕಾಲು ಗಂಟೆ ನೋಡುತ್ತಾ ಕೂತಿದ್ದೆ.

ಕುಂದಾಪುರದಲ್ಲಿ ಜೋಡಿಸುವಾಗ ಒಂದು ಕಡೆ ತಡವಾಯಿತು. ಯೂನಿಟ್ ಫಾರ್ವರ್ಡ್‌ನಲ್ಲಿತ್ತು, ಮೇಲಿನ ಲಿವರ್ ನ್ಯೂಟ್ರಲ್‌ನಲ್ಲಿ, ರಾಡ್ ಕೂಡಲೇ ಇಲ್ಲ. ಎರಡೂ ಒಂದೇ ಗೇರಿನಲ್ಲಿರಬೇಕು. ಡ್ರೈವ್ ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಹಚ್ಚಿದೆ, ತುದಿಗೆ ಹಚ್ಚಲಿಲ್ಲ. ಅಲ್ಲಿ ಗ್ರೀಸ್ ನಿಂತರೆ ಶಾಫ್ಟ್ ಪೂರ್ತಿ ಮೇಲೆ ಹೋಗಿ ಕೂರುವುದಿಲ್ಲ. ನಾಲ್ಕು ಸಲ ನೀರಿಗೆ ಹೋಗಿ ಬಂದ ಮೇಲೆ ಮೊನ್ನೆ ಡ್ರೈನ್ ಸ್ಕ್ರೂ ಸಡಿಲಿಸಿ ಒಂದಿಷ್ಟು ಆಯಿಲ್ ಬಾಟಲಿಗೆ ಬಿಟ್ಟೆವು. ಜೇನಿನ ಬಣ್ಣ! ಮಾವ ಬಾಟಲಿಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

ಹಿನ್ನೀರು, ಹಾಸನ:
ನನ್ನದು ಹೇಮಾವತಿ ಹಿನ್ನೀರಿನಲ್ಲಿ ಓಡುವ ಮೋಟರ್, ಸಿಹಿನೀರು. ಕಾರಿನ 90 ನಂಬರ್ ಗೇರ್ ಆಯಿಲ್ ಸಾಕಾ? ತುಂಬುವುದು ಮೇಲಿನ ತೂತಿನಿಂದ ತಾನೇ?

ಪಂಚಗಂಗಾವಳಿ:
ಮರೀನ್ ಗೇರ್ ಆಯಿಲ್ಲೇ ಹಾಕಿ, ಸ್ವಲ್ಪ ನೀರು ಸೇರಿದರೂ ಅದು ಗೇರನ್ನು ಕಾಯುತ್ತದೆ. ತುಂಬುವುದು ಕೆಳಗಿನ ತೂತಿನಿಂದ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ. ಕೆಳಗಿನಿಂದ ಪಂಪ್ ಮಾಡುತ್ತಾ ಹೋಗಿ, ಮೇಲಿನ ತೂತಿನಲ್ಲಿ ಗುಳ್ಳೆ ನಿಂತು ಬರೀ ಆಯಿಲ್ ಬಂದ ಮೇಲೆ ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಪಂಪ್ ತೆಗೆದು ತಕ್ಷಣ ಕೆಳಗಿನದು. ವಾಷರ್ ಎರಡೂ ಹೊಸದಿರಲಿ.