ಬೇಡಿಕೆ ಬೆಳೆಯುತ್ತಲೇ ಇದೆ, ಲಾಭ ಮಾತ್ರ ಕೈಯಲ್ಲಿ ಉಳಿಯುವುದಿಲ್ಲ: ವಿಮಾನಯಾನದ ಲೆಕ್ಕ ಏನು?

ಮೊದಲಸೆಮಿಸ್ಟರ್:
ಒಂದು ಉದ್ಯಮ ಆರಿಸಿಕೊಂಡು ಅಲ್ಲಿ ಪೈಪೋಟಿ ಹೇಗಿದೆ, ಲಾಭ ಯಾಕೆ ಅಷ್ಟಿದೆ ಅಂತ ವರದಿ ಬರೆಯಬೇಕು. ನಾನು ವಿಮಾನಯಾನ ತೆಗೆದುಕೊಂಡೆ. ಒಂದು ಉದ್ಯಮದಲ್ಲಿ ಲಾಭ ಎಷ್ಟು ಉಳಿಯುತ್ತದೆ ಅಂತ ತೀರ್ಮಾನಿಸುವ, ಹಾರ್ವರ್ಡ್ ಪ್ರಾಧ್ಯಾಪಕ ಮೈಕಲ್ ಪೋರ್ಟರ್ ಹೇಳಿದ ಐದು ಶಕ್ತಿಗಳು ಗೊತ್ತು: ಈಗಿರುವ ಕಂಪನಿಗಳ ಪೈಪೋಟಿ, ಹೊಸಬರು, ಬದಲಿಗಳು, ಕೊಳ್ಳುವವರು, ಸರಬರಾಜು ಮಾಡುವವರು. ಐದಕ್ಕೂ ಒಂದೊಂದು ಪ್ಯಾರಾ ಬರೆದು ಪಕ್ಕದಲ್ಲಿ 'ಜಾಸ್ತಿ', 'ಮಧ್ಯಮ', 'ಕಡಿಮೆ' ಅಂತ ಹಾಕಿದೆ. ಮುಗಿಸಿ ಓದಿದರೆ ಏನೂ ಹೇಳಿದ ಹಾಗಿಲ್ಲ. ಪ್ರಯಾಣಿಕರು ದಶಕಗಳಿಂದ ಹೆಚ್ಚುತ್ತಲೇ ಇದ್ದಾರೆ, ಒಂದು ವಿಮಾನಕ್ಕೇ ಕೋಟಿಗಟ್ಟಲೆ ಬೇಕು, ಅಂದಮೇಲೆ ಹೊಸಬರು ಬರುವುದು ಕಷ್ಟ ಇರಬೇಕು ಅಲ್ವಾ? ಹಾಗಿದ್ದೂ ಲಾಭ ಯಾಕೆ ಇಷ್ಟು ಕಡಿಮೆ?

ಲೆಕ್ಕಪತ್ರ:
ನಿಮ್ಮ ಕೊನೆಯ ಸಾಲೇ ಸರಿಯಾದ ಪ್ರಶ್ನೆ. ವರದಿಯನ್ನು ಅಲ್ಲಿಂದ ಶುರು ಮಾಡಿ. ಟಿಕೆಟ್‌ಗೆ ಕೊಟ್ಟ ದುಡ್ಡು ಕೊನೆಗೆ ಯಾರ ಜೇಬಿಗೆ ಹೋಯಿತು ಅಂತ ಹುಡುಕುತ್ತಾ ಹೋಗಿ. ಐದರಲ್ಲಿ ಯಾವುದು ಮುಖ್ಯ ಅನ್ನುವುದು ತಾನಾಗಿ ಕಾಣುತ್ತದೆ.

ಮೊದಲು ಅಂಕಿ ನೋಡಿ. ಪೋರ್ಟರ್ ಈ ವಿಚಾರ ಬರೆದದ್ದು 1979ರಲ್ಲಿ. 2008ರಲ್ಲಿ ಮತ್ತೆ ವಿಸ್ತರಿಸಿ ಬರೆದಾಗ ಅಮೆರಿಕದ ಉದ್ಯಮಗಳ 1992ರಿಂದ 2006ರವರೆಗಿನ ಲೆಕ್ಕ ಕೊಟ್ಟರು. ಹಾಕಿದ ಬಂಡವಾಳದ ಮೇಲಿನ ಗಳಿಕೆ ಎಲ್ಲ ಉದ್ಯಮಗಳ ಸರಾಸರಿಯಲ್ಲಿ ಶೇ. 14.9 ಇತ್ತು. ತಂಪು ಪಾನೀಯದಲ್ಲಿ ಶೇ. 37.6. ವಿಮಾನಯಾನದಲ್ಲಿ ಬರೀ ಶೇ. 5.9. ಇದು 15 ವರ್ಷದ ಸರಾಸರಿ, ಹಾಗಾಗಿ ಯಾವುದೋ ಒಂದು ಕೆಟ್ಟ ವರ್ಷದ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ದುಡ್ಡು ಎಲ್ಲಿಗೆ ಹೋಯಿತು? ದೊಡ್ಡ ವಿಮಾನ ಬೇಕೆಂದರೆ ಹೆಚ್ಚುಕಮ್ಮಿ ಬೋಯಿಂಗ್, ಇಲ್ಲವೇ ಏರ್‌ಬಸ್. ಎಂಜಿನ್ ಮಾಡುವವರು ಬೆರಳೆಣಿಕೆಯಷ್ಟು. ನಿಲ್ದಾಣದವರು ಹೇಳಿದ ಶುಲ್ಕ ಕಟ್ಟಬೇಕು. ಪೈಲಟ್‌ಗಳು ಕೆಲಸ ನಿಲ್ಲಿಸಿದರೆ ಅವತ್ತೇ ಎಲ್ಲ ನಿಂತಿತು. ಇತ್ತ ಪ್ರಯಾಣಿಕನಿಗೆ ಒಂದು ಕಂಪನಿಯ ಸೀಟಿಗೂ ಇನ್ನೊಂದರ ಸೀಟಿಗೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ, ಫೋನಿನಲ್ಲಿ ದರ ಹೋಲಿಸಿ ಕಡಿಮೆ ಇರುವ ಕಡೆ ಬುಕ್ ಮಾಡುತ್ತಾನೆ.

ಆದರೆ ನನ್ನ ಪ್ರಕಾರ ದೊಡ್ಡ ಹೊಡೆತ ಇದಲ್ಲ. ವಿಮಾನ ಹಾರಿದ ಮೇಲೆ ಖಾಲಿ ಸೀಟಿಗೆ ಬೆಲೆಯೇ ಇಲ್ಲ. ಗೋದಾಮಿನಲ್ಲಿಟ್ಟು ನಾಳೆ ಮಾರುವ ಮಾಲಲ್ಲ ಅದು. ಇಂಧನ, ಸಂಬಳ, ವಿಮಾನದ ಕಂತು ಮಾತ್ರ ಸೀಟು ತುಂಬಿದರೂ ತುಂಬದಿದ್ದರೂ ಕೊಡಲೇಬೇಕು. ಹಾಗಾಗಿ ಬಂದಷ್ಟು ಬರಲಿ ಅಂತ ದರ ಇಳಿಸುತ್ತಾರೆ, ಅದನ್ನು ನೋಡಿ ಪಕ್ಕದವನೂ ಇಳಿಸುತ್ತಾನೆ. ನಿಮ್ಮ ಪೈಪೋಟಿ ಪ್ಯಾರಾದಲ್ಲಿ ಇದನ್ನು ಎರಡು ಪುಟ ಬರೆದರೂ ಜಾಸ್ತಿ ಆಗುವುದಿಲ್ಲ.

ಹೊಸಬರ ವಿಚಾರದಲ್ಲಿ ನೀವು ಎಡವಿದ್ದೀರಿ. ವಿಮಾನ ಕೊಳ್ಳಲೇಬೇಕು ಅಂತಿಲ್ಲ, ಲೀಸ್‌ಗೆ ಸಿಗುತ್ತದೆ. ಅಮೆರಿಕದಲ್ಲಿ 1978ರಲ್ಲಿ ದರ ಮತ್ತು ಮಾರ್ಗಗಳ ಮೇಲಿನ ಸರ್ಕಾರದ ಹಿಡಿತ ತೆಗೆಯುವ ಕಾನೂನು ಬಂತು. ಆಮೇಲೆ ಹೊಸ ಕಂಪನಿಗಳು ಸಾಲಾಗಿ ಬಂದವು, ಹಲವು ಮುಳುಗಿದವು. ಮುಳುಗಿದವರ ವಿಮಾನಗಳು ಇನ್ನೊಬ್ಬರ ಕೈಗೆ ಹೋಗಿ ಮತ್ತೆ ಹಾರಿದವು.

ಮೂರನೇಬೆಂಚು:
ಒಂದು ಸಣ್ಣ ಸೇರ್ಪಡೆ. ಯಾವುದನ್ನು ಒಂದು ಉದ್ಯಮ ಅಂತ ಲೆಕ್ಕಕ್ಕೆ ಹಿಡಿಯುತ್ತೀರಿ, ಅದರ ಗೆರೆ ಎಲ್ಲಿ ಎಳೆಯುತ್ತೀರಿ ಅಂತ ಮೊದಲೇ ಬರೆಯಿರಿ. ಸಿಮೆಂಟ್ ನೋಡಿ, ತೂಕ ಜಾಸ್ತಿ, ಬೆಲೆ ಕಡಿಮೆ. ರಸ್ತೆಯಲ್ಲಿ ದೂರ ಸಾಗಿಸಿದರೆ ಸಾಗಣೆಯೇ ಲಾಭವನ್ನು ತಿನ್ನುತ್ತದೆ, ಆದ್ದರಿಂದ ಅಲ್ಲಿ ಪೈಪೋಟಿ ಇರುವುದು ಸುತ್ತಮುತ್ತಲಿನ ಕಾರ್ಖಾನೆಗಳ ನಡುವೆ ಮಾತ್ರ. ವಿಮಾನದಲ್ಲೂ ಹಾಗೇ. ಎರಡು ಊರುಗಳ ನಡುವೆ ಒಬ್ಬನೇ ಹಾರಿಸುತ್ತಿದ್ದರೆ ಆ ಮಾರ್ಗದ ಕಥೆಯೇ ಬೇರೆ. ಬದಲಿಗಳೂ ದೂರದ ಮೇಲೆ ಬದಲಾಗುತ್ತವೆ: ಹತ್ತಿರದ ಊರಿಗೆ ರೈಲು, ಕಾರು ಇವೆ, ಸಾಗರ ದಾಟಲಿಕ್ಕೆ ಇಲ್ಲ. ಮೀಟಿಂಗ್‌ಗೆ ಹೋಗುವವರಿಗೆ ವಿಡಿಯೋ ಕರೆಯೂ ಬದಲಿಯೇ.

ಇಬ್ಬನಿ:
ತಂಪು ಪಾನೀಯದ 37.6 ನೋಡಿ ಯಾರೂ ಮೋಸ ಹೋಗಬೇಡಿ, ತಂಪು ಪಾನೀಯದಲ್ಲಿ ಎರಡು ಬೇರೆ ಬೇರೆ ಉದ್ಯಮ ಇವೆ, ಈ ಅಂಕಿಯಲ್ಲಿ ಬಾಟಲಿಗೆ ತುಂಬಿಸುವವರ ಲೆಕ್ಕ ಸೇರಿಲ್ಲ. ಕೋಕಾ-ಕೋಲಾ, ಪೆಪ್ಸಿಗೆ ಇದರಲ್ಲಿ ಲಾಭ ತರುವುದು ಮುಖ್ಯವಾಗಿ ಸಾರದ (ನೀರು ಬೆರೆಸುವ ಮುಂಚಿನ ಗಟ್ಟಿ ದ್ರವದ) ಮಾರಾಟ. ಅದಕ್ಕೆ ದೊಡ್ಡ ಕಾರ್ಖಾನೆ ಬೇಡ, ಬ್ರ್ಯಾಂಡ್ ಬೇಕು. ನೀರು ಬೆರೆಸಿ, ಬಾಟಲಿಗೆ ತುಂಬಿಸಿ, ಲಾರಿಯಲ್ಲಿ ಅಂಗಡಿಗೆ ಮುಟ್ಟಿಸುವ ಬಾಟ್ಲಿಂಗ್ ಕಂಪನಿಗೆ ಯಂತ್ರ, ಲಾರಿ, ಜನ ಎಲ್ಲ ಬೇಕು, ಹಾಕಿದ ದುಡ್ಡಿಗೆ ಬರುವ ಗಳಿಕೆ ತುಂಬಾ ಕಡಿಮೆ. ಬಾಟಲಿ ಒಂದೇ, ಅದರ ಲಾಭ ಹಂಚಿಕೆಯಾಗುವ ರೀತಿ ನೋಡಿ! ಇನ್ನೊಂದು, ಈ ಎರಡು ಕಂಪನಿಗಳ ಪೈಪೋಟಿ ಬಹಳ ಕಾಲ ಜಾಹೀರಾತಿನ ಮೇಲೆ ನಡೆಯಿತು, ಸಾರದ ಬೆಲೆಯ ಮೇಲೆ ಅಷ್ಟಾಗಿ ಅಲ್ಲ. ಅದಕ್ಕೇ 'ಪೈಪೋಟಿ ಜಾಸ್ತಿ' ಅಂತ ಬರೆದು ಸುಮ್ನೆ ಬಿಡಬಾರದು. ಯಾವುದರ ಮೇಲೆ ಪೈಪೋಟಿ ಅಂತ ಹೇಳಬೇಕು. ಬೆಲೆಯ ಮೇಲಾದರೆ ಲಾಭ ನೇರವಾಗಿ ಗಿರಾಕಿಗೆ ಹೋಗುತ್ತದೆ.

ಪರ್ಸನಲ್ ಕಂಪ್ಯೂಟರ್‌ನದೂ ಇದೇ ಕಥೆ. ಐಬಿಎಂ 1981ರಲ್ಲಿ ಪಿಸಿ ತಂದಾಗ ಚಿಪ್ ಇಂಟೆಲ್‌ನಿಂದ, ಆಪರೇಟಿಂಗ್ ಸಿಸ್ಟಂ ಮೈಕ್ರೋಸಾಫ್ಟ್‌ನಿಂದ ತೆಗೆದುಕೊಂಡಿತು. ಬೇರೆಯವರೂ ಅವೇ ಎರಡನ್ನು ಕೊಂಡು ಅಂಥದ್ದೇ ಪಿಸಿ ಮಾಡಿದರು. ಜೋಡಿಸುವವರ ಲಾಭ ತೆಳುವಾಯಿತು, ಕೆನೆ ಆ ಇಬ್ಬರಿಗೆ ಹೋಯಿತು.

ಗಾಳಿಮರ:
ನಾನು ಸ್ವಲ್ಪ ತಕರಾರು ಮಾಡುತ್ತೇನೆ. ಉದ್ಯಮವೇ ಎಲ್ಲ ತೀರ್ಮಾನಿಸುತ್ತದೆ ಅನ್ನುವ ಹಾಗೆ ಮಾತು ಹೋಗುತ್ತಿದೆ. ಸಂಶೋಧಕಿ ಅನಿತಾ ಮೆಕ್‌ಗಹನ್ ಜೊತೆ ಪೋರ್ಟರ್ ಅವರೇ 1997ರಲ್ಲಿ ಮಾಡಿದ ಅಧ್ಯಯನದಲ್ಲಿ, ಲಾಭದ ವ್ಯತ್ಯಾಸದಲ್ಲಿ ಉದ್ಯಮದ ಪಾಲು ಸುಮಾರು ಶೇ. 19, ಆ ಉದ್ಯಮದೊಳಗೆ ಒಂದೊಂದು ಕಂಪನಿ ತನ್ನ ವ್ಯವಹಾರ ನಡೆಸುವ ರೀತಿಯ ಪಾಲು ಶೇ. 32. ವಿಮಾನಯಾನದಲ್ಲೇ ಅಮೆರಿಕದ ಸೌತ್‌ವೆಸ್ಟ್ ಕಂಪನಿ 2019ರವರೆಗೆ ಸತತ 47 ವರ್ಷ ಲಾಭ ಮಾಡಿತು. ಬೋಯಿಂಗ್ 737 ಎಂಬ ಒಂದೇ ಬಗೆಯ ವಿಮಾನಗಳನ್ನೇ ನೆಚ್ಚಿಕೊಂಡಿತು, ನಿಲ್ದಾಣದಲ್ಲಿ ಬೇಗ ತಿರುಗಿಸಿ ಮತ್ತೆ ಹಾರಿಸಿತು. ಕೆಟ್ಟ ಹೊಲದಲ್ಲೂ ಬೆಳೆ ತೆಗೆದವರು ಇದ್ದಾರೆ, ಅವರನ್ನು ವರದಿಯಲ್ಲಿ ಬಿಡಬೇಡಿ.

ಮೊದಲಸೆಮಿಸ್ಟರ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೊಸಬರ ಪ್ಯಾರಾ ಅಳಿಸಿ ಮತ್ತೆ ಬರೆಯುತ್ತಿದ್ದೇನೆ. ಒಂದು ಕಡೆ ಸಿಕ್ಕಿಕೊಂಡೆ. ಇಂಧನದ ಬೆಲೆ ಏರಿದರೆ ಎಲ್ಲರಿಗೂ ಏರುತ್ತದೆ, ಹಾಗಾದರೆ ಎಲ್ಲರೂ ಒಟ್ಟಿಗೆ ದರ ಏರಿಸಿ ಸರಿದೂಗಿಸಬಹುದಲ್ಲ?

ಲೆಕ್ಕಪತ್ರ:
ಸೀಟುಗಳು ಕಡಿಮೆಯಾದರೆ ಹಾಗಾಗುತ್ತದೆ. ದರ ಏರಿದರೆ ಕೆಲವರು ಪ್ರಯಾಣ ಬಿಡುತ್ತಾರೆ. ಅಷ್ಟೇ ಸೀಟು ಹಾರುತ್ತಿದ್ದರೆ ಮತ್ತೆ ಖಾಲಿ ಸೀಟಿನ ಚಿಂತೆ, ಮತ್ತೆ ರಿಯಾಯಿತಿ. ನಷ್ಟದಲ್ಲಿರುವವರು ಹೊರಗೆ ಹೋದರೆ ಸರಿಹೋಗುತ್ತಿತ್ತು, ದೊಡ್ಡವರು ಸುಲಭವಾಗಿ ಹೋಗುವುದಿಲ್ಲ. ಅಮೆರಿಕದ ಕಂಪನಿಗಳಲ್ಲಿ ಯುನೈಟೆಡ್ 2002ರಲ್ಲಿ, ಡೆಲ್ಟಾ ಮತ್ತು ನಾರ್ತ್‌ವೆಸ್ಟ್ 2005ರಲ್ಲಿ ದಿವಾಳಿ ರಕ್ಷಣೆ (ಸಾಲ ಕೊಟ್ಟವರಿಂದ ಕೋರ್ಟಿನ ರಕ್ಷಣೆ) ಕೇಳಿದವು, ವಿಮಾನಗಳು ಮಾತ್ರ ಹಾರುತ್ತಲೇ ಇದ್ದವು. ಆಮೇಲೆ ಡೆಲ್ಟಾ-ನಾರ್ತ್‌ವೆಸ್ಟ್ 2008ರಲ್ಲಿ, ಯುನೈಟೆಡ್-ಕಾಂಟಿನೆಂಟಲ್ 2010ರಲ್ಲಿ, ಅಮೆರಿಕನ್-ಯುಎಸ್ ಏರ್‌ವೇಸ್ 2013ರಲ್ಲಿ ಒಂದಾದವು. ಸೀಟು ಸುರಿಯುವುದಕ್ಕೆ ಕಡಿವಾಣ ಬಿತ್ತು, ಇಂಧನವೂ ಅಗ್ಗವಾಯಿತು, 2015ರ ಹೊತ್ತಿಗೆ ಅಲ್ಲಿ ಒಳ್ಳೆಯ ಲಾಭ ಬಂತು. ಈ ಎರಡರಲ್ಲಿ ಯಾವುದರಿಂದ ಎಷ್ಟು ಅಂತ ಬಿಡಿಸಿ ನೋಡಿ. ನಿಮ್ಮ ವರದಿಯ ಗಟ್ಟಿ ಭಾಗ ಅದೇ ಆಗುತ್ತದೆ, ಬರೆದು ಮುಗಿಸಿದ ಮೇಲೆ ಇಲ್ಲಿ ಹಾಕಿ, ಓದುತ್ತೇನೆ.